ಪಡಸಾಲೆ ಸಾರಿಸುವುದಿಲ್ಲ

ಉಮರ್ಗಾ,
ಜನವರಿ ೩, ೧೯೨೪

ಮುರುಮದಲ್ಲಿ ಅಣ್ಣನ ಮನೆ ಸೇರಿರುವ ಅತ್ತೆಯವರಿಗೆ ಸೊಸೆ ಸುಗಂಧಾಳ ನಮಸ್ಕಾರ.

ನಾಲ್ಕನೆಯ ಇಯತ್ತೆಯವರೆಗೆ ಓದಿದವಳ ಕಾಗದ ಇದು. ತಪ್ಪು ಕಂಡರೆ ಓದಿ ಹೇಳುವವರು ನಗಲಿ, ಆದರೆ ಒಂದು ಸಾಲನ್ನೂ ಬಿಡದೆ ಓದಲಿ. ನಿಮ್ಮೆದುರು ನಿಂತರೆ ನನಗೆ ಮಾತು ಹೊರಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ ಹೊಡೆಯುವ ಬಕ್ಕಪ್ಪನ ಹತ್ತಿರ ನೀವು ಹೇಳಿ ಕಳಿಸಿದ ಮಾತು ತಲುಪಿತು. ಬಾಣಂತಿಯನ್ನು ಹೊರಗೆ ಕಳಿಸಿ, ಪಡಸಾಲೆಗೆ ಗೋಮೂತ್ರ ಚಿಮುಕಿಸಿ, ಸೆಗಣಿಯಿಂದ ಸಾರಿಸಿ, ನಾನು ತಪ್ಪಾಯಿತೆಂದರೆ ಮರಳಿ ಬರುತ್ತೀರಂತೆ. ನಿಮ್ಮ ಮಗ ಕೇಳಿ ಎದ್ದು ಹೊರಗೆ ಹೋದರು. ಉತ್ತರ ನಾನು ಕೊಡುತ್ತೇನೆ: ಸಾರಿಸುವುದಿಲ್ಲ.

ನಿಮ್ಮ ಸಂಕಟ ತಿಳಿಯದೆ ಹೀಗೆ ಬರೆಯುತ್ತಿಲ್ಲ. ನೀವು ದೀಕ್ಷಾಸ್ನಾನ ಪಡೆದು ಕ್ರೈಸ್ತರಾದ ದಿನದಿಂದ ನಿಮ್ಮ ಅಣ್ಣ ವಿಶ್ವನಾಥಪ್ಪನವರು ಈ ಮನೆಯಲ್ಲಿ ಒಂದು ತಂಬಿಗೆ ನೀರು ಕುಡಿದಿರಲಿಲ್ಲ. ಹನ್ನೊಂದು ವರ್ಷ. ಈ ಕ್ರಿಸ್‌ಮಸ್ಸಿಗೆ ಊಟಕ್ಕೆ ಬರಲು ಅವರು ಒಪ್ಪಿದ ಸುದ್ದಿ ಬಂದಾಗ ನೀವು ಒಲೆಯ ಮುಂದೆ ಕುಳಿತು ಅತ್ತದ್ದನ್ನು ನೋಡಿದ್ದೇನೆ. ಮರುದಿನದಿಂದ ಮನೆಯಲ್ಲಿ ಯಾರಿಗೂ ಕೂರಲು ಪುರಸೊತ್ತಿಲ್ಲ. ಗೋಡೆಗೆ ಎರಡು ಸಲ ಸುಣ್ಣ. ನಾವು ಉಂಡ ತಾಟಿನಲ್ಲಿ ಅವರು ಉಣ್ಣಲಿಕ್ಕಿಲ್ಲವೆಂದು ಹೊಸ ಹಿತ್ತಾಳೆ ತಾಟು. ಶೇಂಗಾ ಹೋಳಿಗೆ ಹರಿದರೆ ಬೈಗುಳ, ಕರಿಗಡಬು ಕೆಂಪಾದರೆ ಬೈಗುಳ. ಹದಿನೈದು ದಿನ ಸಂಜೆಯ ಪ್ರಾರ್ಥನೆಯೇ ನಡೆಯಲಿಲ್ಲ. ಒಮ್ಮೆ ನಾನು ನೆನಪಿಸಿದ್ದಕ್ಕೆ, "ಯೇಸುಸ್ವಾಮಿ ಎಲ್ಲಿ ಓಡಿ ಹೋಗ್ತಾನ? ಮೊದಲ ಆ ಬ್ಯಾಳಿ ರುಬ್ಬು," ಎಂದಿರಿ. ನಾನೂ ನಕ್ಕು ರುಬ್ಬಿದೆ.

ಹಬ್ಬದ ಬೆಳಿಗ್ಗೆ, ರಸ್ತೆಗೆ ಕಲ್ಲು ಒಡೆಯುವ ರಂಭಾಬಾಯಿ ನಮ್ಮ ಕಟ್ಟೆ ಹಿಡಿದು ಕುಸಿದಳು. ತುಂಬಿದ ಬಸುರಿ, ನೋವು ಶುರುವಾಗಿತ್ತು. ಜೊತೆಯವರು ಕೆಲಸಕ್ಕೆಂದು ಯೆಣೆಗೂರದ ಕಡೆ ಮುಂದೆ ಹೋಗಿದ್ದರು. ನಾನು ಅವಳ ಕೈ ಹಿಡಿದು ಒಳಗೆ ತಂದೆ. ನೀವು ಹಿಟ್ಟಿನ ಕೈಯಲ್ಲೇ ಓಡಿ ಬಂದಿರಿ.

"ಹುಚ್ಚಿ, ಪಡಸಾಲಿಗಿ ಯಾಕ ತಂದಿ? ಹಡೆದ ಮನ್ಯಾಗ ಅಣ್ಣ ಉಣ್ತಾನೇನು? ದನದ ಕೊಟ್ಟಿಗ್ಯಾಗ ಮಲಗ್ಸು!"

ಅತ್ತೆ, ಆ ಮಾತು ನಿಮ್ಮ ಕಿವಿಗೇ ಬೀಳಲಿಲ್ಲವೇ? ಪ್ರತಿ ವರ್ಷ ಅದೇ ದಿನ ನಮ್ಮನ್ನೆಲ್ಲ ಕೂರಿಸಿಕೊಂಡು ಯೇಸುವಿನ ತಾಯಿ ಮರಿಯಳ ಕತೆ ಹೇಳುವವರು ನೀವು. ಛತ್ರದಲ್ಲಿ ಅವಳಿಗೆ ಜಾಗ ಸಿಗಲಿಲ್ಲ, ದನದ ಕೊಟ್ಟಿಗೆಯಲ್ಲಿ ಹೆತ್ತಳು ಎನ್ನುವಲ್ಲಿಗೆ ಬಂದಾಗ ಸೆರಗಿನಿಂದ ಕಣ್ಣೊರೆಸಿಕೊಳ್ಳುವವರು. ಆ ಛತ್ರದವನು ಬಹಳ ಕೆಟ್ಟವನೆಂದು ಇಷ್ಟು ದಿನ ತಿಳಿದಿದ್ದೆ. ಈಗ ಹಾಗೆನಿಸುವುದಿಲ್ಲ. ಅವನೂ ಅಂದು ಗೋಡೆಗೆ ಸುಣ್ಣ ಹೊಡೆಸಿ ದೊಡ್ಡ ಅತಿಥಿಗಳ ದಾರಿ ಕಾಯುತ್ತಿದ್ದಿರಬೇಕು. ಪಾಪ, ಕೈತುಂಬ ಕೆಲಸವಿದ್ದವನು.

"ಇಲ್ರೀ ಅತ್ತಿ, ಇಲ್ಲೇ ಇರ್ಲಿ," ಎಂದೆ. ಮದುವೆಯಾಗಿ ಮೂರು ವರ್ಷಕ್ಕೆ ನಿಮಗೆ ನಾನು ಹೇಳಿದ ಮೊದಲ 'ಇಲ್ಲ' ಅದು. ನಿಮ್ಮ ಅಣ್ಣನಿಗೆಂದು ಹಾಸಿದ್ದ ಹೊಸ ಜಮಖಾನದ ಮೇಲೆಯೇ ಅವಳನ್ನು ಮಲಗಿಸಿದೆ. ಪಕ್ಕದ ಮನೆಯ ಸೂಲಗಿತ್ತಿ ಪ್ರಯಾಗಬಾಯಿ ಬಂದವಳೇ, "ಛಲೋ ಆತು ಬಿಡವ್ವಾ, ಹಬ್ಬಕ್ಕಂತ ತುಪ್ಪ ಕಾಸಿಟ್ಟೀರಿ, ಬಾಣಂತಿಗಿ ಹುಡುಕೋದು ಉಳೀತು," ಎಂದಳು. ನಿಮಗೆ ಬಂದ ಸಿಟ್ಟನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ.

ಹೆಣ್ಣು ಕೂಸು ಅತ್ತಿತು. ಸ್ವಲ್ಪ ಹೊತ್ತಿಗೆ ನಿಮ್ಮ ಅಣ್ಣನ ಗಾಡಿ ಬಂತು. ಅವರು ಹೊಸ್ತಿಲಾಚೆಯೇ ನಿಂತು, "ಏನ್ ತಂಗೆವ್ವಾ, ಊಟಕ್ಕ ಕರದಿಯೋ, ದವಾಖಾನಿ ತೋರ್ಸಲಕ ಕರದಿಯೋ?" ಎಂದು ಕೇಳಿ ತಿರುಗಿದರು. ಲಿಂಗ ಕಟ್ಟಿದವರಿಗೆ ಹೆರಿಗೆಯ ಸೂತಕವಿಲ್ಲ ಎಂದು ನನ್ನ ಅಜ್ಜಿ ಸಾಯುವತನಕ ಹೇಳುತ್ತಿದ್ದಳು. ನಿಮ್ಮ ಅಣ್ಣನ ಎದೆಯ ಮೇಲೆ ಲಿಂಗವಿತ್ತು. ಅವರು ಹೇಸಿದ್ದು ಹೆರಿಗೆಗಲ್ಲ, ಹೆತ್ತವಳ ಜಾತಿಗೆ. ಅದು ಅವರ ಧರ್ಮವೂ ಅಲ್ಲ, ನಮ್ಮದೂ ಅಲ್ಲ. ಆದರೂ ನೀವು ಅಳುತ್ತ ಅದೇ ಗಾಡಿ ಹತ್ತಿದಿರಿ. ನಿಮ್ಮ ಹನ್ನೊಂದು ವರ್ಷದ ಆಸೆಯನ್ನು ನಾನೇ ಮುರಿದೆ. ಅದನ್ನು ಒಪ್ಪುತ್ತೇನೆ.

ಮಧ್ಯಾಹ್ನ ರಂಭಾಬಾಯಿಯ ಜೊತೆಯವರು ಹುಡುಕಿಕೊಂಡು ಬಂದರು. ಹೊಸ ತಾಟುಗಳಲ್ಲೇ ಅವರಿಗೆ ಬಡಿಸಿದೆ. ಹೋಳಿಗೆ ಹರಿದದ್ದನ್ನು ಯಾರೂ ನೋಡಲಿಲ್ಲ. ಪ್ರಾರ್ಥನೆಯನ್ನು ನಾನೇ ಮಾಡಿದೆ. ಇಷ್ಟು ವರ್ಷಗಳಲ್ಲಿ ಯೇಸು ನಮ್ಮ ಮನೆಗೆ ಬಂದ ಹಬ್ಬ ಇದೊಂದೇ ಅನಿಸಿತು. ನೀವೊಬ್ಬರು ಇರಲಿಲ್ಲ.

ಬಾಣಂತಿ ಇನ್ನೂ ಎರಡು ವಾರ ಇಲ್ಲೇ ಇರುತ್ತಾಳೆ. ಅವಳು ಹೋಗಲಿ, ಆಮೇಲೆ ನೋಡೋಣ ಎಂದು ತಡೆಯಬೇಡಿ. ಅವಳಿರುವಾಗಲೇ ಬನ್ನಿ. ಕೂಸಿಗೆ ಎಣ್ಣೆ ಹಚ್ಚಿ ಎರೆಯಲು ನನಗೆ ಬರುವುದಿಲ್ಲ, ನಿಮಗೆ ಬರುತ್ತದೆ. ಬಂದು ಎಷ್ಟಾದರೂ ಬೈಯಿರಿ. ನಿಮ್ಮ ಅಣ್ಣನನ್ನೂ ಕರೆತನ್ನಿ, ರಂಭಾಬಾಯಿಯ ಪಕ್ಕದಲ್ಲೇ ಮಣೆ ಹಾಕುತ್ತೇನೆ.

ಬೆತ್ಲೆಹೇಮಿನ ಕೂಸು ನೋಯುವ ನಿಮ್ಮ ಮೊಣಕಾಲಿಗೆ ಬಲ ಕೊಡಲಿ, ಮನೆಯ ದಾರಿ ನಿಮಗೆ ಹತ್ತಿರವಾಗಲಿ.

ಬಾಗಿಲು ತೆರೆದಿಟ್ಟು ಕಾಯುವ,
ನಿಮ್ಮ ಸೊಸೆ
ಸುಗಂಧಾ