ಮೊದಲ ಸಾಲಿನಲ್ಲಿ ಎತ್ತಿದ ಕೈ

ಮಾರ್ಚ್ ೧೨, ಸಂಜೆ

ಪುಟ್ಟೀ,

ಅಲ್ಲಮ್ಮ, ನಿನ್ನ ಮಾನ ಕಳೆಯಬೇಕೆಂದು ನಾನು ಸಭೆಯಲ್ಲಿ ಕೈ ಎತ್ತಿದ್ದಲ್ಲ. ನಿನ್ನೆ ಫೋನಿನಲ್ಲಿ ಅರ್ಧಕ್ಕೇ ನಿಂತ ಮಾತು ಇದು. ಭಾನುವಾರ ನಿನ್ನ ಭಾಷಣ ಮುಗಿದ ದಿನವೇ ಬರೆಯಬೇಕಿತ್ತು. ಕನ್ನಡಕದ ಕಾಲು ಮುರಿದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಆದರೆ "ಮುಂದಿನ ತಿಂಗಳ ಭಾಷಣಕ್ಕೆ ನೀನು ಮನೇಲೇ ಇರಪ್ಪಾ" ಎಂದೆಯಲ್ಲ, ಅದೊಂದನ್ನು ಮಾತ್ರ ಇನ್ನೊಮ್ಮೆ ಯೋಚಿಸು. ನನ್ನ ಕಾಲೇಜಿನ ಇಂಗ್ಲಿಷಿನಲ್ಲಿ ಹೇಳುವುದಾದರೆ, ಐ ಬೆಗ್ ಟು ಅಪೀಲ್.

ಎಡವಟ್ಟು ಶುರುವಾದದ್ದು ಭಾಷಣಕ್ಕೂ ಮೊದಲೇ, ಗ್ರಂಥಾಲಯದ ಬಾಗಿಲ ಬಳಿ ನೀವಿಟ್ಟಿದ್ದ ಮೈಕ್ರೋಸ್ಕೋಪಿನ ಹತ್ತಿರ. ಜೀವಕೋಶ ನೋಡಿ ಎಂದಿರಿ. ನನಗೆ ಕಪ್ಪಗೆ ಬಿಲ್ಲಿನಂಥದ್ದು ಕಂಡಿತು. "ಆಹಾ, ಅಲುಗಾಡ್ತಿದೆ!" ಎಂದು ಕೂಗಿದೆ. ಹಿಂದಿದ್ದ ಪೋಸ್ಟ್‌ಮ್ಯಾನ್ ತಾನೂ ಕಣ್ಣಿಟ್ಟು, "ಹೌದ್ ಸಾರ್, ಜೀವ ಇದೆ ಅದಕ್ಕೆ" ಎಂದ. ಆಗ ನಿನ್ನ ಶಿಷ್ಯೆ ಮೆಲ್ಲಗೆ, "ಅದು ನಿಮ್ಮ ರೆಪ್ಪೆಕೂದಲು ಸಾರ್" ಎಂದಳು. ಸಾಲಿಗೆ ಸಾಲೇ ನಕ್ಕಿತು. ಒಮ್ಮೆ ನಗೆಪಾಟಲಾದ ಮೇಲೆ ಇನ್ನೇನು ಸಂಕೋಚ?

ಅದಕ್ಕೇ ನೀನು "ಅಪೊಪ್ಟೋಸಿಸ್" ಎಂದಾಗ ಕೈ ಎತ್ತಿ, "ಅರ್ಥ ಆಗ್ಲಿಲ್ಲ" ಎಂದೆ. ನೀನು "ಯೋಜಿತ ಕೋಶಮರಣ" ಎಂದೆ. ಮತ್ತೆ ಎತ್ತಿದೆ. ನಿಮ್ಮ ಪ್ರೊಫೆಸರು ದುರುಗುಟ್ಟಿ ನೋಡಿದರು. ನಿನ್ನ ಕಿವಿ ಕೆಂಪಾಯಿತು. ಮೂರನೆಯ ಸಲಕ್ಕೆ ನೀನು ಪರದೆ ಬಿಟ್ಟು ಕೆಳಗಿಳಿದು ಬಂದು, ನನ್ನ ಮೂಗಿನ ಮುಂದೆ ನಿನ್ನ ಕೈ ಹಿಡಿದೆ.

"ನೋಡಪ್ಪಾ, ನಾನು ಹೊಟ್ಟೇಲಿದ್ದಾಗ ಈ ಬೆರಳುಗಳ ಮಧ್ಯೆ ಬಾತುಕೋಳಿ ಪಾದದ ಥರ ಚರ್ಮ ಇತ್ತು. ಅಲ್ಲಿದ್ದ ಜೀವಕೋಶಗಳು ತಾವಾಗೇ ಸತ್ತು ಜಾಗ ಬಿಟ್ವು. ಅದಕ್ಕೇ ಬೆರಳು ಬಿಡಿಬಿಡಿ ಆದ್ವು. ಕ್ಯಾನ್ಸರ್ ಕೋಶ ಮಾತ್ರ ಸಾಯೋಕೆ ಒಪ್ಪಲ್ಲ. ಯಾಕೆ ಒಪ್ಪಲ್ಲ ಅಂತ ಹುಡುಕೋದೇ ನನ್ನ ಕೆಲಸ."

ಸಭೆಯಲ್ಲಿದ್ದವರೆಲ್ಲ ತಮ್ಮ ತಮ್ಮ ಬೆರಳು ಅಗಲಿಸಿ ನೋಡಿಕೊಂಡರು. ನಿನ್ನ ಬೆನ್ನು ಅತ್ತ ಇತ್ತು, ನಿನಗೆ ಕಾಣಲಿಲ್ಲ. ಹಿಂದಿನ ಸಾಲಿನಿಂದ ಬಟ್ಟೆ ಹೊಲಿಯುವ ಅಜ್ಜಿಯೊಬ್ಬರು, "ಅಂದ್ರೆ ಕತ್ತರಿಸಿ ತೆಗೆದ್ರೇನೇ ಅಂಗಿ ಆಗೋದು ಅನ್ನು ತಾಯಿ" ಎಂದರು. ಅಲ್ಲಿಂದ ಶುರುವಾಯಿತಲ್ಲ, ಒಬ್ಬರ ಮೇಲೊಬ್ಬರು ಪ್ರಶ್ನೆ! ಪ್ರೊಫೆಸರೂ ಕಡೆಗೆ ನಗುತ್ತಿದ್ದರು. ಅವತ್ತು ನಾನು ಮನೆಗೆ ನಡೆದೇ ಬಂದೆ, ಅಷ್ಟು ಖುಷಿಯಾಗಿತ್ತು.

ನಿನ್ನ ವಿದ್ಯೆ ಹೀಗೇ ಹಿಂದಿನ ಸಾಲಿನವರೆಗೂ ಮುಟ್ಟಲಿ. ಲ್ಯಾಬಿನಲ್ಲಿ ಹೊತ್ತು ಮರೆಯಬೇಡ, ಸರಿಯಾಗಿ ಉಣ್ಣು.

ನಿನ್ನ ತಂಟೆಕೋರ
ಅಪ್ಪ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ನಿನ್ನಮ್ಮನ ರಿಪೋರ್ಟು ಬಂದ ದಿನ ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದು ಹತ್ತು ನಿಮಿಷ ಈ ಜೀವಕೋಶದ ವಿಷಯವನ್ನೇ ಹೇಳಿದರು. ಅರ್ಥವಾಯಿತೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಕಾಲೇಜು ಮೆಟ್ಟಿಲು ಹತ್ತಿದವನಲ್ಲವೇ, "ಪರ್ಫೆಕ್ಟ್‌ಲಿ, ಡಾಕ್ಟರ್" ಎಂದುಬಿಟ್ಟೆ. ಒಂದಕ್ಷರ ತಿಳಿದಿರಲಿಲ್ಲ. ಹೊರಗೆ ಬೆಂಚಿನ ಮೇಲಿದ್ದ ಅವಳು "ಏನಂದ್ರು?" ಎಂದಳು. "ಏನಿಲ್ಲ, ಗಾಬರಿ ಬೇಡ ಅಂದ್ರು" ಎಂದೆ. ನಂಬಿದಳು. ತನ್ನ ತಂಗಿಯನ್ನು ನೋಡಿಬರುವುದನ್ನು ಬೇಸಿಗೆಗೆ ಮುಂದೂಡಿದಳು. ಬೇಸಿಗೆಗೆ ಅವಳೇ ಇರಲಿಲ್ಲ.

ನನ್ನನ್ನು ಎಲ್ಲಿ ಬೇಕಾದರೂ ಕೂರಿಸು, ಬರಬೇಡ ಎನ್ನಬೇಡ. ಬೆಳಕು ಇಳಿಯುತ್ತಿದೆ, ಗೆರೆ ಕಾಣುತ್ತಿಲ್ಲ, ನಿಲ್ಲಿಸುತ್ತೇನೆ.