ಸಿಗ್ರಿಡ್ ಬರೆದ ಡಬ್ಬಿಗಳು

ಅಕ್ಟೋಬರ್ 9, ಗುರುವಾರ. ಟಕೋಮಾ.

ಐನಾರ್ ನನ್ನನ್ನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅವನ ಸಾಲ್ಮನ್ ಮೀನೆಲ್ಲ ಕೊರಿಯಾದ ಬುಸಾನ್ ಬಂದರು ಮುಟ್ಟುವಷ್ಟರಲ್ಲಿ ಕರಗಿ ಕೊಳೆತುಹೋಗಿದೆ. ತಪ್ಪು ನನ್ನದೇ. ಶೀತಲ ಕಂಟೇನರ್ ಕೇಳುವಾಗ ಫೋನಿನಲ್ಲಿ "ಸೊನ್ನೆ ಡಿಗ್ರಿ" ಅಂದಿದ್ದ. ನಮ್ಮ ಮೀನುಗಾರರೆಲ್ಲ ಹೇಳುವುದು ಫ್ಯಾರನ್‌ಹೀಟಿನಲ್ಲಿ; ಅಂದರೆ ಕಲ್ಲಿನಂತೆ ಹೆಪ್ಪುಗಟ್ಟಿರಬೇಕು. ಹಡಗಿನವರ ಲೆಕ್ಕ ಸೆಲ್ಸಿಯಸ್, ಅವರಿಗೆ ಮೈನಸ್ ಹದಿನೆಂಟು ಅಂತ ಬರೆಯಬೇಕು. ಇಪ್ಪತ್ತೆರಡು ವರ್ಷದಿಂದ ಕಂಟೇನರ್ ಬುಕ್ ಮಾಡುತ್ತಿರುವ ನಾನು ಸೊನ್ನೆ ಅಂತಲೇ ಬರೆದು ಕಳಿಸಿದೆ. ಥೂ.

ಇವತ್ತು ಫೋನ್ ಮಾಡಿ ತಿಳಿಸಿದಾಗ, "ಹೋಗ್ಲಿ ಬಿಡು ಮಾರ್ಲೀನ್, ವಿಮೆ ಇದೆಯಲ್ಲ," ಅಂದ. ಆಮೇಲೆ, "ಆ ರಟ್ಟಿನ ಡಬ್ಬಿ ಒಂದಾದ್ರೂ ವಾಪಸ್ ತರಿಸೋಕಾಗುತ್ತಾ? ಎಲ್ಲದ್ರ ಮೇಲೂ ಸಿಗ್ರಿಡ್ ಕೈಬರಹ ಇತ್ತು," ಅಂದ.

ಅವನ ಹೆಂಡತಿ ತೀರಿಕೊಂಡು ಐದು ವಾರ. ಆಗಸ್ಟಿನಲ್ಲಿ ಕೆಮ್ಮುತ್ತಲೇ ನಿಂತು ಪ್ರತಿ ಡಬ್ಬಿಯ ಮೇಲೂ ದೋಣಿಯ ಹೆಸರು, ಮೀನು ಹಿಡಿದ ದಿನ ಬರೆದಿದ್ದಳು. ಅಚ್ಚು ಹಾಕಿಸಬಾರದಾ ಅಂದರೆ, "ನನ್ನ ಅಕ್ಷರಕ್ಕೇನಾಗಿದೆಯೇ?" ಅಂತ ನನ್ನನ್ನೇ ರೇಗಿಸಿದ್ದಳು.

"ಕೇಳಿ ನೋಡ್ತೀನಿ ಐನಾರ್," ಅಂದುಬಿಟ್ಟೆ.

ಕೇಳುವುದೇನಿದೆ? ಡಬ್ಬಿ ಸಮೇತ ಎಲ್ಲವನ್ನೂ ಸುಟ್ಟಾಯಿತು ಅಂತ ಬುಸಾನಿನಿಂದ ಬಂದ ಕಾಗದ ಆಗ ನನ್ನ ಕೈಯಲ್ಲೇ ಇತ್ತು.