ಹೆಂಡತಿಯ ತವರಿನಿಂದ ಬಂದ ಹೆಪ್ಪು

ಕಲ್ಲುಹಳ್ಳ,
ಫೆಬ್ರವರಿ ಮೂವತ್ತು, 2331

ಮುನ್ನೂರು ವರ್ಷದ ಹಿಂದಿನ ಪ್ರಯೋಗಶಾಲೆಯವರಿಗೆ ಓಬಣ್ಣನ ನಮಸ್ಕಾರ.

ದಿನಾಂಕ ನೋಡಿ ನಗಬೇಡಿ. ಫೆಬ್ರವರಿಗೆ ನೀವು ಮಾಡಿದ್ದ ಅನ್ಯಾಯವನ್ನು ನಮ್ಮ ಕಾಲದವರು ಸರಿಪಡಿಸಿದ್ದಾರೆ. ನನ್ನ ಮಾತು ವಿಚಿತ್ರವಾಗಿ ಕೇಳಿದರೆ ಕ್ಷಮೆಯಿರಲಿ. ಓದಿದ್ದು ಊರ ಶಾಲೆಯಲ್ಲಿ. ಆದರೂ ಈ ಸೀಮೆಯಲ್ಲಿ ನನ್ನಷ್ಟು ಚೆನ್ನಾಗಿ ಕಾಗದ ಬರೆಯುವವರು ಇನ್ನೊಬ್ಬರಿಲ್ಲ.

ನಮ್ಮಲ್ಲಿ ಬೀದಿಗೊಂದು ಕಿಣ್ವಗಡಿಗೆ ಇರುತ್ತದೆ. ನಿಮ್ಮ ಕಾಲದ ಯಾರೋ ಒಬ್ಬರ ಯಕೃತ್ತಿನಲ್ಲಿದ್ದ ಕಿಣ್ವವನ್ನು ತಯಾರಿಸುವ ವಿದ್ಯೆಯನ್ನು ನೀವು ಯೀಸ್ಟಿಗೆ ಕಲಿಸಿದಿರಲ್ಲ, ಅದೇ ಯೀಸ್ಟಿನ ಸಂತಾನ ಆ ಗಡಿಗೆಯಲ್ಲಿ ಬೆಳೆಯುತ್ತದೆ. ಮೊಸರಿಗೆ ಹೆಪ್ಪು ಹಾಕಿದಂತೆ, ಹಳೆಯ ಗಡಿಗೆಯ ಒಂದು ಚಮಚ ಹೆಪ್ಪು ಬೆಲ್ಲದ ನೀರಿಗೆ ಬಿದ್ದರೆ ಸಾಕು. ಊರಿನ ಪರೀಕ್ಷಾಮನೆಯವರು ಅದನ್ನು ಒಯ್ದು, ಸೋಸಿ, ಕಿಣ್ವವನ್ನಷ್ಟೇ ಬೇರ್ಪಡಿಸಿ, ಹೊಸ ಮದ್ದುಗಳನ್ನು ಮೊದಲು ಅದರ ಮೇಲೆ ಪರೀಕ್ಷಿಸುತ್ತಾರೆ. ಮನುಷ್ಯನ ಮೈಗೆ ಆಮೇಲೆ. ಹೆಪ್ಪು ಕೇಳಿದವರಿಗೆ ಇಲ್ಲ ಎನ್ನುವಂತಿಲ್ಲ. ಕೊಡುವವರು ತಳದಲ್ಲಿ ಒಂದಿಷ್ಟು ಉಳಿಸಿಕೊಂಡೇ ಕೊಡಬೇಕು. ಇದು ನಮ್ಮ ರೂಢಿ.

ಹೋದ ಬೇಸಿಗೆಯಲ್ಲಿ ನನ್ನ ಅಕ್ಕ ಕೆಂಚವ್ವ ಜ್ವರದಿಂದ ಹಾಸಿಗೆ ಹಿಡಿದಳು. ಉಳಿದಿದ್ದು ಹೊಸ ಮದ್ದೊಂದೇ. ಯಕೃತ್ತು ಅದನ್ನು ಮುರಿಯದಿದ್ದರೆ ಮದ್ದೇ ಮೈಯಲ್ಲಿ ನಿಂತು ವಿಷವಾಗುತ್ತದೆ. ಪರೀಕ್ಷಿಸೋಣವೆಂದರೆ ಕಿಣ್ವವಿಲ್ಲ! ಬಿಸಿಲಿಗೆ ಊರಿನ ಗಡಿಗೆಗಳೆಲ್ಲ ಕೆಟ್ಟು, ನಮ್ಮ ಬೀದಿಯದು ಮಾತ್ರ ಉಳಿದಿತ್ತು. ಅದನ್ನೂ ಪರೀಕ್ಷಾಮನೆಯವರು ಪೂರ್ತಿ ಬಗ್ಗಿಸಿಕೊಂಡು ಖರ್ಚು ಮಾಡಿದ್ದರು. ಬೀದಿಯವರು ತಳದಲ್ಲಿ ಉಳಿಸಿಕೊಂಡಿರುತ್ತಾರೆಂದು ಪರೀಕ್ಷಾಮನೆಯವರು ನಂಬಿದ್ದರು, ಪರೀಕ್ಷಾಮನೆಯವರು ಹೆಪ್ಪು ಮರಳಿಸುತ್ತಾರೆಂದು ಬೀದಿಯವರು ನಂಬಿದ್ದರು. ಪಟ್ಟಣದಿಂದ ತರಿಸಲು ವಾರ ಬೇಕು; ಅಕ್ಕನಿಗೆ ಅಷ್ಟು ಕಾಲವಿರಲಿಲ್ಲ.

ಅಕ್ಕನ ಮಗಳು ಪಾರಿಜಾತ ಪರೀಕ್ಷಾಮನೆಯಲ್ಲೇ ಕೆಲಸ ಮಾಡುವವಳು. ಖಾಲಿ ಗಡಿಗೆ ಹಿಡಿದು ನಮ್ಮ ಬಾಗಿಲಿಗೆ ಬಂದಳು.

"ಮಾವ, ಎಲ್ಲೂ ಇಲ್ಲ. ಅವ್ವನ್ನ ಹೆಂಗೆ ಉಳಿಸ್ಕೊಳ್ಳಲಿ?"

ಆಗ ನನ್ನ ಬುದ್ಧಿ ಓಡಿತು ನೋಡಿ! ಹಿಂದೊಮ್ಮೆ ಹೆಂಡತಿಯ ತವರಿಗೆ ಹೋದಾಗ, ಜಂಬ ಕೊಚ್ಚಲೆಂದೇ ಒಂದು ಸೀಸೆ ಹೆಪ್ಪು ಒಯ್ದು ಕೊಟ್ಟಿದ್ದೆ. ಆ ಊರಿಗೆ ಓಡಿದೆ. ಭಾವಮೈದುನ ತಿಪ್ಪೇಶ ಜಗಲಿಯ ಮೇಲೇ ಕೂತಿದ್ದ.

"ಏನ್ ಭಾವ, ನಮ್ಮೂರೋರಿಗೆ ಗಡಿಗೆ ಇಡಾಕೆ ಬರಲ್ಲ ಅಂದಿದ್ರಿ? ಈಗ ನಮ್ ಬಾಗ್ಲಿಗೇ ಬಂದ್ರಾ?"

"ಲೋ ತಿಪ್ಪೇಶ, ಆಮೇಲೆ ಹೊಟ್ಟೆ ತುಂಬ ಆಡ್ಕೊ. ನಮ್ಮಕ್ಕ ಸಾಯ್ತಾ ಅವ್ಳೆ ಕಣೋ."

ಅವನ ನಗು ಅಲ್ಲೇ ನಿಂತಿತು. ತಳದಲ್ಲಿ ಒಂದಿಷ್ಟು ಉಳಿಸಿಕೊಂಡು, ಮಿಕ್ಕಿದ್ದನ್ನೆಲ್ಲ ಬಗ್ಗಿಸಿಕೊಟ್ಟ.

ಪಾರಿಜಾತ ಕಿಣ್ವ ಸೋಸಿ, ಗಾಜಿನ ಕೊಳವೆಯಲ್ಲಿ ಮದ್ದಿನೊಂದಿಗೆ ಬೆರೆಸಿದಳು. ಮದ್ದು ಮುರಿದರೆ ನೀರು ಹಳದಿಯಾಗಬೇಕು. ನೋಡುತ್ತ ನೋಡುತ್ತ ತಳದಿಂದ ಹಳದಿ ಏರಿತು. ಮಣ್ಣಾಗಿ ಮುನ್ನೂರು ವರ್ಷವಾದ ಯಾರದೋ ಯಕೃತ್ತಿನ ಕಸುಬು, ಅವರು ಕಂಡು ಕೇಳರಿಯದ ನನ್ನ ಅಕ್ಕನಿಗಾಗಿ, ಆ ಕೊಳವೆಯೊಳಗೆ ನಡೆಯುತ್ತಿತ್ತು. ಕೈಗಳು ತಾವಾಗಿ ಮುಗಿದುಕೊಂಡವು.

ಅಂದೇ ಅಕ್ಕನಿಗೆ ಮದ್ದು ಕೊಟ್ಟೆವು. ಈಗ ಎದ್ದು ಓಡಾಡುತ್ತಾಳೆ, ನನ್ನನ್ನು ಬೈಯುತ್ತಾಳೆ.

ನಿಮ್ಮಲ್ಲೊಂದು ಬೇಡಿಕೆ. ಆ ಯೀಸ್ಟಿನ ಮೊದಲ ಸೀಸೆ ಇವತ್ತು ನಿಮ್ಮ ಫ್ರೀಜರಿನಲ್ಲಿದೆ. ಬೀಗ ಹಾಕಿ ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಪಕ್ಕದ ಪ್ರಯೋಗಶಾಲೆಯವರು ಕೇಳಿದರೆ ಕೊಡಿ. ಕೇಳದಿದ್ದರೆ, ನನ್ನ ಹಾಗೆ ಜಂಬಕ್ಕಾದರೂ ಒಯ್ದು ಕೊಡಿ. ತಳದಲ್ಲಿ ಒಂದು ಚಮಚ ಉಳಿಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ.

ಕೆಂಚವ್ವನ ತಮ್ಮ,
ಓಬಣ್ಣ